ಜಿನ್ನವ್ವನ ಬಾವಿಯ ಪಾಠ

ಹುಕ್ಕೇರಿಯ ಸನ್ಮತಿ ಇಂಗ್ಲಿಷ್ ಶಾಲೆಯಲ್ಲಿ ವರ್ಷವಿಡೀ ಹಿಮ ಬೀಳುತ್ತಿತ್ತು. ಬೀಳುತ್ತಿದ್ದುದು ಪುಸ್ತಕದಲ್ಲಿ. ಹೊರಗೆ ಬಿಸಿಲಿಗೆ ಹಂಚು ಸಿಡಿಯುತ್ತಿದ್ದರೆ, ಒಳಗೆ ಮಕ್ಕಳು ಬೆವರು ಒರೆಸಿಕೊಳ್ಳುತ್ತ ಹಿಮ ಎಷ್ಟು ಬೆಳ್ಳಗಿದೆ, ಎಷ್ಟು ಮೆತ್ತಗಿದೆ ಎಂದು ಇಂಗ್ಲಿಷಿನಲ್ಲಿ ಒದರುತ್ತಿದ್ದವು. ಅಕ್ಷರ ತಪ್ಪದೆ ಒದರಿದವನು ಜಾಣ, ತಡವರಿಸಿದವನು ದಡ್ಡ. ಗಿಣಿಗೆ ಕೊಡುವಷ್ಟು ಪೇರಲ ಹಣ್ಣನ್ನಾದರೂ ಕೊಟ್ಟಿದ್ದರೆ ಆ ಮಕ್ಕಳ ಕಷ್ಟಕ್ಕೆ ಅರ್ಥವಿರುತ್ತಿತ್ತು.

ತವನಪ್ಪ ಮಾಸ್ತರನಿಗೆ ಈ ಹಿಮ ಕಂಡರೆ ಮೈಯೆಲ್ಲ ಉರಿ. ಮಮದಾಪುರದ ಒಕ್ಕಲು ಮನೆಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಬಿ.ಎ. ಮುಗಿಸಿ, ಈ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವನು ಅವನು. ಬಂದ ವರ್ಷವೇ ಮುಂಬಯಿ ಮೆಟ್ರಿಕ್ ಪರೀಕ್ಷೆಯಲ್ಲಿ ಸಮುದ್ರದ ದೀಪಸ್ತಂಭದ ಮೇಲೆ ಒಂದು ಹೊಸ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದ್ದರು. ಶಾಲೆಯ ಹುಡುಗರಿಗೆ ಅದರ ಒಂದೊಂದು ಶಬ್ದದ ಅರ್ಥವೂ ಬಾಯಿಪಾಠ. ಆದರೆ ಆ ದೀಪವನ್ನು ಯಾಕೆ ಹಚ್ಚುತ್ತಾರೆ ಎಂಬ ಪ್ರಶ್ನೆಗೆ, ಗುಡಿಯ ಮುಂದಿನ ದೀಪಸ್ತಂಭವನ್ನಷ್ಟೇ ಕಂಡ ಆ ಹುಡುಗರು, ಕಾರ್ತಿಕ ಮಾಸ ಬಂದದ್ದರಿಂದ ಎಂದು ಬರೆದು ಬಂದರು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತವನಪ್ಪನಿಗೆ ನಗು ಬರಲಿಲ್ಲ. ಹಡಗು ಯಾವುದು, ಬಂಡೆ ಯಾವುದು, ಕತ್ತಲಲ್ಲಿ ಅವೆರಡೂ ಹೇಗೆ ಡಿಕ್ಕಿ ಹೊಡೆಯುತ್ತವೆ ಎಂದು ಹೇಳದೆ ಬರೀ ಶಬ್ದ ನುಂಗಿಸಿದವರು ತಾವೇ ಅಲ್ಲವೇ ಎಂದು ಅವನಿಗೆ ಅನ್ನಿಸಿತು.

ಅಂದಿನಿಂದ ಅವನು ಹೊಸ ಪಾಠಕ್ರಮವೊಂದನ್ನು ಬರೆಯಲು ಕೂತ. ಎರಡು ವರ್ಷ ಬರೆದ, ಹರಿದ, ಮತ್ತೆ ಬರೆದ. ಅವನ ಲೆಕ್ಕ ಸರಳವಾಗಿತ್ತು: ಮೊದಲು ಲೋಕ ತಿಳಿಯಲಿ, ಭಾಷೆ ಅದರ ಹೆಗಲೇರಿ ಬರುತ್ತದೆ. ವರ್ಷದ ಮೊದಲ ಭಾಗವೆಲ್ಲ ನೀರು. ಮೋಡ, ಮಳೆ, ಘಟಪ್ರಭಾ ನದಿ, ಗೋಕಾಕದ ಜಲಪಾತ, ಕಾಲುವೆ, ಬಾವಿ, ಬಾವಿಯೊಳಗಿನ ಜೀವಗಳು, ಆ ಜೀವಗಳಿಂದ ಬರುವ ರೋಗ. ಎರಡನೆಯ ಭಾಗ ಹತ್ತಿ: ಹೊಲದಿಂದ ಗಿರಣಿಗೆ, ಗಿರಣಿಯಿಂದ ಮೈಮೇಲಿನ ಅಂಗಿಗೆ. ಹಿಂದಿನ ಪಾಠದಲ್ಲಿ ಕಲಿತದ್ದರ ಮೇಲೆಯೇ ಮುಂದಿನ ಪಾಠ ನಿಲ್ಲಬೇಕು. ಮೋಡ ತಿಳಿಯದವನಿಗೆ ನದಿ ಇಲ್ಲ, ನದಿ ತಿಳಿಯದವನಿಗೆ ಕಾಲುವೆ ಇಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ.

ಹೆಡ್‌ಮಾಸ್ತರ ಅಣ್ಣಾಸಾಹೇಬರು ಅದನ್ನು ತಿರುವಿ ನೋಡಿ, ಕನ್ನಡಕ ತೆಗೆದು, "ಇದು ಇಂಗ್ಲಿಷ್ ಪಾಠೇನೋ, ಒಕ್ಕಲತನದ ಪಾಠೇನೋ?" ಎಂದರು. ಕೊನೆಗೆ ಮಾತು ಶಾಲೆಯ ಅಧ್ಯಕ್ಷರಾದ ದಾದಾಸಾಹೇಬರ ಮನೆಯ ಕಟ್ಟೆ ಏರಿತು.

ದಾದಾಸಾಹೇಬರು ಊರಿನ ಹಿರಿಯ ವ್ಯಾಪಾರಿ. ಕನ್ನಡ, ಮರಾಠಿ ಎರಡರಲ್ಲೂ ಗಟ್ಟಿ ಮಾತುಗಾರರು. ಇಂಗ್ಲಿಷ್ ಮಾತ್ರ ಅವರ ಪಾಲಿಗೆ ಬೀಗ ಹಾಕಿದ ಕೋಣೆ. ತಮಗೆ ಬಾರದ್ದು ಊರಿನ ಮಕ್ಕಳಿಗೆ ಬರಲಿ ಎಂದು ಸ್ವಂತ ಜಾಗದಲ್ಲಿ ಶಾಲೆ ಕಟ್ಟಿಸಿದ್ದರು. ಮೂಡಲಗಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ ಮಗ ಭೂಪಾಲ ಬೇಡವೆಂದರೂ, ಅವನ ಮಗಳು ಇಂದುಬಾಯಿಯನ್ನು ಗಂಡುಹುಡುಗರ ನಡುವೆ ಅದೇ ಶಾಲೆಯಲ್ಲಿ ಕೂಡಿಸಿದ್ದರು. ಅವರು ತವನಪ್ಪನ ಮಾತನ್ನು ಕೊನೆಯವರೆಗೂ ಕೇಳಿದರು.

"ಒಂದ ವರ್ಷ ಐದನೇ ಇಯತ್ತೆಗೆ ಕಲಸ್ರಿ, ಮಾಸ್ತರ. ವರ್ಷಾಖೇರಿಗೆ ಪುಣೆಯಿಂದ ಶಿಕ್ಷಣ ಖಾತೆ ಸಾಹೇಬ್ರು ತಪಾಸಣೆಗೆ ಬರ್ತಾರ. ಅವರು ಹೌದು ಅಂದ್ರ ಇಡೀ ಸಾಲಿಗೆ ನಿಮ್ಮ ಪಾಠನ. ಅಲ್ಲ ಅಂದ್ರ..."

"ಅಲ್ಲ ಅಂದ್ರ ನಾ ಮಮದಾಪುರಕ್ಕ ಹೋಗಿ ಹೊಲದಾಗ ರಂಟಿ ಹೊಡಿತೇನ್ರಿ," ಎಂದ ತವನಪ್ಪ. ನಗುತ್ತ ಅಂದನೇನೋ ಸರಿ, ಆದರೆ ಅಲ್ಲಿದ್ದವರು ಯಾರೂ ನಗಲಿಲ್ಲ. ಮಾತು ಮುಗಿದು ಹೋಗಿತ್ತು.

ನೀರನ್ನೇ ಮೊದಲಿಗೆ ಆರಿಸಿಕೊಂಡದ್ದು ಅವನ ಜಾಣತನ. ಸ್ವಾತಂತ್ರ್ಯ ಚಳವಳಿಯ ಆ ದಿನಗಳಲ್ಲಿ ನೂಲು ಅಂದರೂ ರಾಜಕೀಯ, ಉಪ್ಪು ಅಂದರೂ ರಾಜಕೀಯ. ನೀರಿಗೆ ಯಾವ ಪಕ್ಷ? ನೀರಿನ ಪಾಠದಿಂದ ಸಾಹೇಬನಿಗೂ ಸಿಟ್ಟು ಬಾರದು, ಸಾವುಕಾರರಿಗೂ ಸಿಟ್ಟು ಬಾರದು ಎಂದು ಅವನು ಲೆಕ್ಕ ಹಾಕಿದ್ದ. ಬಹಳ ಜಾಣರು ಹಾಕುವ ಲೆಕ್ಕಗಳು ಹೀಗೆಯೇ ಇರುತ್ತವೆ, ತಮ್ಮ ಅಂಗಳದಲ್ಲಿರುವ ಗುಂಡಿಯೊಂದನ್ನು ಬಿಟ್ಟು ಉಳಿದ ದಾರಿಯೆಲ್ಲ ಅವರಿಗೆ ಕಾಣುತ್ತದೆ.

ಪಾಠ ಬಾವಿಗೆ ಬಂದಾಗ ಆ ಗುಂಡಿ ಕಾಣಿಸಿತು. ಊರಿನ ಅರ್ಧ ಜನ ನೀರು ತರುತ್ತಿದ್ದುದು ಜಿನ್ನವ್ವನ ಬಾವಿಯಿಂದ. ದಾದಾಸಾಹೇಬರು ತಾಯಿ ಜಿನ್ನವ್ವನ ಹೆಸರಿನಲ್ಲಿ ಕಟ್ಟಿಸಿದ ಬಾವಿ ಅದು. ದಾರಿಹೋಕರು ಹಗ್ಗ-ಕೊಡಗಳಿಲ್ಲದೆಯೂ ಬೊಗಸೆ ತುಂಬ ಕುಡಿಯಲಿ ಎಂದು ನೀರಿನವರೆಗೆ ಅಗಲವಾದ ಮೆಟ್ಟಿಲು ಇಳಿಸಿದ್ದರು. ಆ ಓಣಿಗಳಲ್ಲೇ ಬೇಸಿಗೆ ಬಂತೆಂದರೆ ನಾರುಹುಣ್ಣು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿಂದ ದಾರದಂಥ ಹುಳ ತಲೆ ಹಾಕುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಹೊರಗೆಳೆಯಬೇಕು. ನೇಕಾರರ ಓಣಿಯ ಕೇದಾರಿ ಆ ವರ್ಷ ಮೊಣಕಾಲ ಕೆಳಗೆ ಅಂಥ ಕಡ್ಡಿ ಕಟ್ಟಿಕೊಂಡೇ ತರಗತಿಗೆ ಬರುತ್ತಿದ್ದ.

ದಾದಾಸಾಹೇಬರಂಥ ಜೈನರ ಮನೆಗಳಲ್ಲಿ ಮಾತ್ರ ನಾರು ಯಾರಿಗೂ ಆಗುತ್ತಿರಲಿಲ್ಲ. ಅದು ಧರ್ಮದ ಬಲ ಎಂದು ಊರು ನಂಬಿತ್ತು. ಅಲ್ಲಿ ನೀರನ್ನು ದಪ್ಪ ಅರಿವೆಯಲ್ಲಿ ಸೋಸದೆ ಯಾರೂ ಕುಡಿಯುವುದಿಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯಬಾರದು, ಅದಕ್ಕಾಗಿ ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹೊಯ್ದು, ಎಲ್ಲಿಂದ ತಂದರೋ ಆ ಬಾವಿಗೇ ಅವನ್ನು ಮರಳಿ ಬಿಡುತ್ತಾರೆ. ತವನಪ್ಪನ ತಾಯಿಯೂ ಮಮದಾಪುರದಲ್ಲಿ ಹಾಗೆಯೇ ಮಾಡುತ್ತಿದ್ದಳು.

ಪಾಠದಲ್ಲಿ ಅವನು ಬರೆದದ್ದು 'ಒಂದು ಬಾವಿ' ಎಂದಷ್ಟೇ. ನಾರು ಇದ್ದವರು ನೀರಿಗೆ ಕಾಲಿಟ್ಟರೆ ಹುಳ ಮರಿ ಬಿಡುತ್ತದೆ, ಮರಿಗಳನ್ನು ನೀರಿನ ಸಣ್ಣ ಜೀವಗಳು ತಿನ್ನುತ್ತವೆ, ಆ ನೀರು ಕುಡಿದವರಿಗೆ ಮರುವರ್ಷ ನಾರು ಏಳುತ್ತದೆ. ಯಾವ ಊರಿನ ಬಾವಿ ಎಂದು ಬರೆಯುವ ಗೊಡವೆಗೆ ಅವನು ಹೋಗಲಿಲ್ಲ.

"ಸರ್, ನಮ್ಮ ಬಾಂವ್ಯಾಗನೂ ಹಿಂಗ ಇರಬೌದೇನ್ರಿ?" ಎಂದು ದಾದಾಸಾಹೇಬರ ಮೊಮ್ಮಗಳು ಇಂದು ಕೇಳಿದಳು.

"ಮೆಟ್ಟಲ ಇದ್ದ ಯಾವ ಬಾಂವ್ಯಾಗರ ಇರಬೌದು," ಎಂದು ಅವನು ಜಾರಿಕೊಂಡ.

ಮರುದಿನ ಅವಳು ಅಜ್ಜಿಯ ಸೋಸುವ ಅರಿವೆಯ ನೀರನ್ನು ಬಟ್ಟಲಲ್ಲಿ ಹಿಡಿದು, ಅಜ್ಜನ ಭೂತಗನ್ನಡಿಯಲ್ಲಿ ನೋಡಿಬಂದಿದ್ದಳು. ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವಂತೆ. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ಹೊಳಪಿತ್ತು; ಬಾವಿ ಅವಳ ಅಜ್ಜನದೆಂದು ನೆನೆದು ತವನಪ್ಪ ಮಾತು ಬದಲಿಸಿದ.

ತಪಾಸಣೆ ಸಮೀಪಿಸಿತು. ಅಣ್ಣಾಸಾಹೇಬರು ದಿನಕ್ಕೊಮ್ಮೆ ಬಾಗಿಲಲ್ಲಿ ನಿಲ್ಲತೊಡಗಿದರು. "ತವನಪ್ಪ, ಇನ್ನೂ ವ್ಯಾಳ್ಯಾ ಐತಿ. ಹಳೇ ಪುಸ್ತಕ ತಗಿ. ಸಾಹೇಬ್ರು ಕೇಳೂ ಪ್ರಶ್ನೆ ಎಲ್ಲಾ ನನಗ ಗೊತ್ತು, ಉತ್ತರ ಬರಸಿಬಿಡೂಣು. ನಿನ್ನ ಹಟಕ್ಕ ಸಾಲಿ ಬಲಿ ಕೊಡಬ್ಯಾಡ."

"ಬಾಯಿಪಾಠ ಮಾಡಿಸಿದರ ಒಂದ ವರ್ಷ ನಾ ಮಾಡಿದ್ದು ಏನ್ರಿ ಸರ್?"

"ಪಗಾರ ತಗೊಂಡಿ. ಮತ್ತೇನ ಮಾಡ್ಬೇಕಿತ್ತು?"

ತವನಪ್ಪ ಬಗ್ಗಲಿಲ್ಲ. ಆದರೆ ಧೈರ್ಯ ಬೇರೆ, ನಿದ್ದೆ ಬೇರೆ. ಅವನಿಗೆ ನಿದ್ದೆ ಬರುತ್ತಿರಲಿಲ್ಲ. ನೀರಿನ ಪಾಠದಿಂದ ಬಾವಿಯ ಹಾಳೆಗಳನ್ನಷ್ಟೇ ತೆಗೆದುಬಿಡಲೇ ಎಂದು ಒಮ್ಮೆ ಹಾಳೆ ಹಿಡಿದು ಕೂತದ್ದೂ ಉಂಟು. ಮಕ್ಕಳ ತಲೆಯಿಂದ ಅದನ್ನು ತೆಗೆಯುವುದು ಹೇಗೆ ಎಂದು ತೋಚದೆ ಕೆಳಗಿಟ್ಟ.

ಸಾಹೇಬರು ಘಟಪ್ರಭಾದಲ್ಲಿ ರೈಲಿಳಿದು ಮೋಟಾರಿನಲ್ಲಿ ಬಂದರು. ಎತ್ತರದ, ಒಣಕಲು ಮುಖದ ಇಂಗ್ಲಿಷ್ ಮನುಷ್ಯ. ಮಾವಿನೆಲೆಯ ತೋರಣ, ಸ್ವಾಗತದ ಹಾಡು ಎಲ್ಲ ಆದ ಮೇಲೆ ಐದನೇ ಇಯತ್ತೆಯ ತರಗತಿ ಕೋಣೆಯಲ್ಲಿ ಕುರ್ಚಿ ಹಾಕಿದರು. ಪಕ್ಕದಲ್ಲಿ ಜರಿ ರುಮಾಲಿನ ದಾದಾಸಾಹೇಬರು, ಹಿಂದೆ ಅಣ್ಣಾಸಾಹೇಬರು, ಗೋಡೆಗೆ ಬೆನ್ನು ಹಚ್ಚಿ ತವನಪ್ಪ.

ಸಾಹೇಬರು ತವನಪ್ಪನ ಪಾಠದ ಹಾಳೆಗಳನ್ನು ಸುಮ್ಮನೆ ತಿರುವಿದರು, ಬದಿಗಿಟ್ಟರು. ಕಂಠಪಾಠ ಒಪ್ಪಿಸುವುದರಲ್ಲಿ ನಿಮ್ಮ ಮಕ್ಕಳಷ್ಟು ಗಟ್ಟಿಗರು ಯಾರೂ ಇಲ್ಲ, ಅದು ನನಗೆ ಬೇಡ, ಎಂದು ಇಂಗ್ಲಿಷಿನಲ್ಲಿ ಹೇಳಿ, ಮುಂದಿನ ಸಾಲಿನಲ್ಲಿದ್ದ ಒಬ್ಬಳೇ ಹುಡುಗಿಯತ್ತ ಬೆರಳು ಮಾಡಿದರು. ಇಂದು ಎದ್ದು ನಿಂತಳು. ದಾದಾಸಾಹೇಬರ ಎದೆ ಅರ್ಧ ಗೇಣು ಉಬ್ಬಿತು.

ನೀನು ದಿನಾ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಸಾಹೇಬರು ಕೇಳಿದ್ದು ಇಷ್ಟೇ.

ಮೋಡದಿಂದ ಎನ್ನು, ತಾಯಿ, ನದಿಯಿಂದ ಎನ್ನು, ಎಂದು ತವನಪ್ಪ ಒಳಗೊಳಗೇ ಬೇಡಿಕೊಂಡ.

ಇಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದಳು. ಚಿಕ್ಕ ಚಿಕ್ಕ ವಾಕ್ಯಗಳು, ಒಂದರ ಮೇಲೊಂದು. ನಮ್ಮ ನೀರು ನಮ್ಮ ಮುತ್ತಜ್ಜಿ ಜಿನ್ನವ್ವನ ಹೆಸರಿನ ಬಾವಿಯಿಂದ ಬರುತ್ತದೆ. ಅದು ಚೆಂದದ ಬಾವಿ. ಜನ ಮೆಟ್ಟಿಲಿಳಿದು ನೀರಲ್ಲಿ ನಿಂತು ಕೊಡ ತುಂಬುತ್ತಾರೆ. ಕಾಲಲ್ಲಿ ನಾರು ಇದ್ದವರೂ ನಿಲ್ಲುತ್ತಾರೆ. ಹುಳ ನೀರಲ್ಲಿ ಮರಿ ಬಿಡುತ್ತದೆ. ನಾವು ಸೋಸಿ ಕುಡಿಯುತ್ತೇವೆ, ನಮಗೆ ಏನೂ ಆಗುವುದಿಲ್ಲ. ಸೋಸಿ ಉಳಿದದ್ದನ್ನು ಅದೇ ಬಾವಿಗೆ ಬಿಡುತ್ತೇವೆ. ಕೇದಾರಿಯ ಮನೆಯವರು ಸೋಸುವುದಿಲ್ಲ. ಸೋಸಬೇಕೆಂದು ನಾವು ಅವರಿಗೆ ಎಂದೂ ಹೇಳಿಲ್ಲ.

ಇದನ್ನು ಹೀಗೆ ಹೇಳಲು ನಿನಗೆ ಯಾರು ಕಲಿಸಿದರು ಎಂದು ಸಾಹೇಬರು ಕೇಳಿದರು. ಯಾರೂ ಇಲ್ಲ, ನಾನೇ ನೋಡಿದೆ, ಎಂದಳು ಇಂದು. ಸಾಹೇಬರು ಎದ್ದು ಹೋಗಿ, ಕಡ್ಡಿ ಕಟ್ಟಿಕೊಂಡು ಕೂತಿದ್ದ ಕೇದಾರಿಯ ಕಾಲು ನೋಡಿದರು. ಕಡ್ಡಿಗೆ ಸುತ್ತಿದ ಬಿಳಿ ದಾರವನ್ನು ಬಗ್ಗಿ ದಿಟ್ಟಿಸಿದರು. ತಿರುಗಿ ಬಂದು ತವನಪ್ಪನ ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡು, ಈ ಸಲ ಮೊದಲ ಪುಟದಿಂದ ಓದತೊಡಗಿದರು.

ಇಷ್ಟೆಲ್ಲದರಲ್ಲಿ ದಾದಾಸಾಹೇಬರಿಗೆ ತಿಳಿದದ್ದು ಒಂದೇ ಶಬ್ದ, ತಾಯಿಯ ಹೆಸರು. ಅವರ ಮುಖ ಅರಳಿತ್ತು. "ನಮ್ಮವ್ವನ ಬಗ್ಗೆ ಏನಂದ್ಲು ಹುಡಿಗಿ?" ಎಂದು ಮೆಲ್ಲಗೆ ಕೇಳಿದರು.

"ಭಾಳ ಹೊಗಳಿದ್ಲರಿ ಸಾವುಕಾರ್ರ. ದೊಡ್ಡ ಪುಣ್ಯದ ಬಾಂವಿ ಅಂದ್ಲು," ಅಣ್ಣಾಸಾಹೇಬರು ಗಡಬಡಿಸಿ ಹೇಳಿದರು. ಅವರ ಹಣೆಯ ಮೇಲೆ ಬೆವರಿತ್ತು.

ದಾದಾಸಾಹೇಬರು ಸಂತೆಯಲ್ಲಿ ಜನರ ಮುಖ ಓದಿಯೇ ಬೆಳೆದ ಮನುಷ್ಯ. ಆ ಬೆವರನ್ನು ನೋಡಿದರು, ಕೇದಾರಿಯ ಕಾಲನ್ನು ನೋಡಿದರು. "ಹೊಗಳಿದರ ಸಾಹೇಬ್ರು ಆ ಹುಡುಗನ ಕಾಲ ಯಾಕ ನೋಡಿದ್ರು? ತವನಪ್ಪ ಮಾಸ್ತರ, ನೀವು ಹೇಳ್ರಿ."

ತವನಪ್ಪನಿಗೆ ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಡ್‌ಮಾಸ್ತರರ ಸುಳ್ಳಿಗೆ ಹೌದು ಎಂದರೆ ಸಾಕು, ಗೆದ್ದಂತೆ. ಆದರೆ ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು, ಇಂದು ಹೇಳಿದ್ದು ಏನೆಂದು ಅವರೆಲ್ಲರಿಗೂ ತಿಳಿದಿತ್ತು. ಮಾತಿಗೆ ಅರ್ಥವಿರುತ್ತದೆ ಎಂದು ವರ್ಷವಿಡೀ ಕಲಿಸಿದವನು ಅವರ ಮುಂದೆ ನಿಂತು ಸುಳ್ಳರ್ಥ ಹೇಳುವುದೇ?

ಅವನು ಒಂದು ಹೇಡಿ ದಾರಿ ಹಿಡಿದ. "ಇಂದು, ನೀನ ಹೇಳವ್ವಾ ಅಜ್ಜಾಗ. ಕನ್ನಡದಾಗ ಹೇಳು."

ಇಂದು ಅಜ್ಜನ ಕಡೆ ತಿರುಗಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಈಗ ತಾನೆ ಪರದೇಶದ ಸಾಹೇಬನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು, ಅಜ್ಜನ ಮುಖದತ್ತ ಕಣ್ಣೆತ್ತಲಾರದೆ, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತುಬಿಟ್ಟಳು. ತವನಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತ್ರ ನಿಜ ಹೇಳಬಲ್ಲ ಮಕ್ಕಳನ್ನು ತಾನು ತಯಾರು ಮಾಡಿದೆನೇ?

ಆಗ ಅವನೇ ಹೇಳಿದ. ಒಂದನ್ನೂ ಬಿಡಲಿಲ್ಲ, ಮೆಟ್ಟಿಲು, ಹುಳ, ಸೋಸುವ ಅರಿವೆ, ನಾವು ಅವರಿಗೆ ಎಂದೂ ಹೇಳಿಲ್ಲ ಎಂಬ ಕೊನೆಯ ಮಾತು.

ದಾದಾಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡರು. "ಸೋಸಿ ಉಳದದ್ದು ಮತ್ತ ಅದ ಬಾಂವ್ಯಾಗ ಹೋಗತೈತಿ, ಅಲ್ಲೇನ್ರಿ?"

"ಹೌದ್ರಿ. ಅದು ನಮ್ಮ ಧರ್ಮ. ಅದ ತಪ್ಪಲ್ಲರಿ. ಅರಿವಿ ನಮ್ಮ ಮನಿಗಷ್ಟ ಇಟಗೊಂಡ್ವಿ, ಅದು ತಪ್ಪು."

ದಾದಾಸಾಹೇಬರು ಎದ್ದು ಸಾಹೇಬರಿಗೆ ಹಾರ ಹಾಕಿದರು, ಮೋಟಾರಿನವರೆಗೆ ಕಳಿಸಿ ಕೈಮುಗಿದರು. ಇಂಥ ಇಂಗ್ಲಿಷ್ ಪಾಠವನ್ನು ಈ ಪ್ರಾಂತದಲ್ಲಿ ಎಲ್ಲೂ ಕಂಡಿಲ್ಲ, ಎಲ್ಲ ಇಯತ್ತೆಗಳಿಗೂ ಇದು ನಡೆಯಲಿ, ಎಂದು ಸಾಹೇಬರು ಬರೆದು ಹೋಗಿದ್ದರು. ಅಣ್ಣಾಸಾಹೇಬರು ಅದನ್ನು ಓದಿ ಹೇಳಿದಾಗಲೂ ದಾದಾಸಾಹೇಬರು ತಲೆ ತೂಗಲಿಲ್ಲ.

ಹೊತ್ತು ಇಳಿಯುವ ಮುನ್ನ ತವನಪ್ಪನಿಗೆ ಅವರ ಮನೆಯಿಂದ ಕರೆ ಬಂತು. ಪಡಸಾಲೆಯಲ್ಲಿ ದಾದಾಸಾಹೇಬರು ಮಣೆಯ ಮೇಲೆ ಕೂತಿದ್ದರು. ಮುಂದೆ ಊಟದ ತಾಟು ಹಾಗೇ ಇತ್ತು. ಹೆಂಡತಿ ಕಮಲಾಬಾಯಿ ಕಂಬದ ಹತ್ತಿರ ನಿಂತು ಕಿಟಕಿಯ ಬೆಳಕನ್ನೇ ನೋಡುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಮುಂದಿನ ತುತ್ತು ಮರುದಿನ ಬೆಳಗಾದ ಮೇಲೆಯೇ.

"ಹೊತ್ತ ಹೊಂಟೈತ್ರಿ. ಎರಡ ತುತ್ತು ತಿನ್ರಿ," ಎಂದರು ಕಮಲಾಬಾಯಿ. ಗಂಡ ತಾಟು ಮುಟ್ಟಲಿಲ್ಲ.

"ಮಾಸ್ತರ, ಕೊಟ್ಟ ಮಾತಿಗೆ ನಾ ತಪ್ಪಾಂವಲ್ಲ. ನಾಳಿಂದ ಇಡೀ ಸಾಲಿಗೆ ನಿಮ್ಮ ಪಾಠನ ನಡೀಲಿ," ಎಂದರು ದಾದಾಸಾಹೇಬರು. ತವನಪ್ಪ ಕೈಮುಗಿಯಲು ಹೋದ. "ಇನ್ನೊಂದ ಮಾತೈತಿ. ನಮ್ಮ ಇಂದು ನಾಳಿಂದ ಸಾಲಿಗೆ ಬರೂದಿಲ್ಲ. ಪರದೇಶದ ಮನಷ್ಯಾನ ಮುಂದ ಸತ್ತ ನಮ್ಮವ್ವನ ಮರ್ಯಾದಿ ತಗದ್ಲು. ಭೂಪಾಲ ಹೇಳಿದ್ದ ಖರೇ ಆತು."

ಎತ್ತಿದ ಕೈ ಹಾಗೇ ಇಳಿಯಿತು. ಮೂರು ವರ್ಷ ಹಗಲಿರುಳು ಬೇಡಿದ್ದು ಇದನ್ನೇ. ಎಲ್ಲ ಇಯತ್ತೆ, ಎಲ್ಲ ಮಕ್ಕಳು. ಕೈಮುಗಿದು ಹೊರಗೆ ನಡೆದರೆ ಆಯಿತು. ಹುಡುಗಿಯನ್ನು ಶಾಲೆ ಬಿಡಿಸಿದ ಊರಿನ ಮೊದಲ ಮನೆ ಇದೇನಲ್ಲ. ನಡೆದುಬಿಡು ಎಂದು ಮನಸ್ಸು ಒಂದು ಗಳಿಗೆ ಖಂಡಿತ ಹೇಳಿತು. ಕಾಲು ಏಳಲಿಲ್ಲ.

"ಹಂಗಾದರ ನನ್ನ ಪಾಠ ಬ್ಯಾಡ್ರಿ," ಎಂದ. "ನಾಳಿಂದ ಹಳೇ ಪುಸ್ತಕನ ಹಿಡಸ್ತೇನಿ. ಬೇಕಾದರ ನಾನೂ ಊರ ಬಿಡ್ತೇನಿ. ಆಕಿನ್ನ ಬಿಡಿಸಬ್ಯಾಡ್ರಿ ಸಾವುಕಾರ್ರ. ತಪ್ಪು ನಂದೈತಿ. ನಾ ಮೊದಲ ನಿಮ್ಮ ಮುಂದ ಬಂದು ಹೇಳಬೇಕಾಗಿತ್ತು. ಅಂಜಿ, ಒಂದು ಬಾಂವಿ ಅಂತ ಬರದು ಸುಮ್ಮ ಕುಂತೆ. ನನ್ನ ಅಂಜಿಕಿ ಭಾರ ಆ ಹುಡಿಗಿ ಹೊತ್ತಾಳ."

ದಾದಾಸಾಹೇಬರು ಒಳಬಾಗಿಲ ಕಡೆ ತಿರುಗಿ ಮೊಮ್ಮಗಳನ್ನು ಕರೆದರು. ಇಂದು ಬಂದು ನಿಂತಳು. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು.

"ಸಾಹೇಬ್ರ ಮುಂದ ನಾಲಿಗಿ ಅಷ್ಟುದ್ದ ಆಗಿತ್ತು. ನನ್ನ ಮುಂದ ಯಾಕ ಬಾಯಿ ಬರಲಿಲ್ಲ? ನಾ ಏನ ಹುಲಿನ?"

ಕಮಲಾಬಾಯಿ ಬೇಡವೆಂದು ಕಣ್ಸನ್ನೆ ಮಾಡಿದರು. ಇಂದು ಅದನ್ನು ನೋಡಿದಳು, ನೋಡಿಯೂ ಹೇಳಿದಳು.

"ಅವರು ನನಗ ಪ್ರಶ್ನೆ ಹಾಕಿದ್ರು ಅಜ್ಜಾ. ಈ ಮನ್ಯಾಗ ಉಂಡೇನು, ಮಕ್ಕೊಂಡೇನು ಅಂತ ಎಲ್ಲಾರೂ ವಿಚಾರಸ್ತೀರಿ. ನಿನಗ ಏನ ತಿಳದೈತಿ ಅಂತ ಒಬ್ಬರೂ ವಿಚಾರಿಸಿಲ್ಲ."

ಹೊರಗೆ ಬೆಳಕು ಹೋಯಿತು. ಕಮಲಾಬಾಯಿ ನಿಟ್ಟುಸಿರು ಬಿಟ್ಟು, ಮುಟ್ಟದ ತಾಟನ್ನು ಎತ್ತಿಕೊಂಡು ಒಳಗೆ ಹೋದರು. ದಾದಾಸಾಹೇಬರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದಿಲ್ಲದೆ ಅವರನ್ನು ತವನಪ್ಪ ಎಂದೂ ನೋಡಿರಲಿಲ್ಲ, ಮುದುಕರಂತೆ ಕಂಡರು.

"ಕುಂದರು," ಎಂದರು ಮೊಮ್ಮಗಳಿಗೆ. "ಈಗ ನಾ ವಿಚಾರಸ್ತೇನಿ. ನಮ್ಮವ್ವನ ಬಾಂವೀಗೆ ಏನ ಮಾಡಬೇಕು?"

ಇಂದು ತವನಪ್ಪನತ್ತ ನೋಡಿದಳು. ಅವನು ಅಜ್ಜನ ಕಡೆ ಕಣ್ಣು ತೋರಿಸಿದ. ಅವಳು ಅಜ್ಜನ ಎದುರಿಗೆ ನೆಲದ ಮೇಲೆ ಕೂತು, ಕಣ್ಣೊರೆಸಿಕೊಂಡು, ತಲೆಯೆತ್ತಿದಳು.

"ಮೆಟ್ಟಲ ಮುಚ್ಚಬೇಕು, ಅಜ್ಜಾ," ಎಂದಳು.